ಇಳಿದು ಹೋದವರ ಚಿಲ್ಲರೆ

ನಮ್ಮ ಬೀದಿಯಲ್ಲಿ ಕಂಡಕ್ಟರಮ್ಮ ಅಂದರೆ ಸಾಕು, ಯಾವ ಮನೆ ಎಂದು ಯಾರೂ ಕೇಳುವುದಿಲ್ಲ. ಕೆಲಸದಿಂದ ನಿವೃತ್ತರಾಗಿ ವರ್ಷಗಳಾದವು, ಗಂಟಲು ಮಾತ್ರ ಇನ್ನೂ ಬಸ್ಸಿನಲ್ಲೇ ಇದೆ. ತರಕಾರಿ ಗಾಡಿಯ ಸುತ್ತ ನಾಲ್ಕು ಜನ ನಿಂತರೆ ಸಾಕು, "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂದು ಎಲ್ಲರನ್ನೂ ಸರಿಸಿಬಿಡುತ್ತಾರೆ. ನನ್ನ ದರ್ಜಿ ಅಂಗಡಿ ಅವರ ಮನೆಯ ಗೋಡೆಗೆ ಅಂಟಿಕೊಂಡಿದೆ. ಅವರ ನಡುಮನೆಯ ಕಿಟಕಿ ತೆರೆಯುವುದು ನಾನು ಬಟ್ಟೆ ಕತ್ತರಿಸುವ ಮೇಜಿನ ಮಗ್ಗುಲಿಗೆ. ಹಾಗಾಗಿ ಆ ಮನೆಯ ಕೆಮ್ಮು, ಕೋಪ, ಲೋಟ ಬಿದ್ದ ಸದ್ದು ಎಲ್ಲವೂ ನನಗೆ ಗೊತ್ತು. ನಾನು ಕಿವಿಗೊಟ್ಟು ಕೇಳುವವನಲ್ಲ. ಆದರೆ ಕಿವಿ ಮುಚ್ಚಿಕೊಂಡು ಬಟ್ಟೆ ಹೊಲಿಯುವುದು ಹೇಗೆ?

ಅವರ ವಿಷಯ ಹೇಳಬೇಕಾದರೆ ಮೊದಲು ಅವರ ಚೀಲದ ವಿಷಯ ಹೇಳಬೇಕು. ಬಸ್ಸಿನಲ್ಲಿ ದೊಡ್ಡ ನೋಟು ಕೊಟ್ಟರೆ ಕಂಡಕ್ಟರು ಟಿಕೆಟ್ಟಿನ ಬೆನ್ನಿಗೆ ಬಾಕಿ ಗೀಚಿ, ಇಳಿಯುವಾಗ ಕೇಳಿ ಇಸ್ಕೊಳ್ಳಿ ಅನ್ನುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ನಿದ್ದೆ ಹತ್ತಿದವನು, ಮಗು ಎತ್ತಿಕೊಂಡವಳು, ಹರಟೆಯಲ್ಲಿ ಮೈಮರೆತವನು ಕೇಳದೆಯೇ ಇಳಿದುಬಿಡುತ್ತಾರೆ. ಆ ಚಿಲ್ಲರೆ ಕಂಡಕ್ಟರನ ಚಹಾಕ್ಕಾಯಿತು. ಅದು ಕಳ್ಳತನವಲ್ಲ, ಮರೆವಿನ ದಂಡ ಎಂದು ಇವರ ಜೊತೆಯವರು ನಗುತ್ತಿದ್ದರಂತೆ. ಇವರು ಮಾತ್ರ ತೊಗಲಿನ ಚೀಲದ ಪಕ್ಕಕ್ಕೆ ಬೇರೆಯೇ ಒಂದು ಸಣ್ಣ ಜೇಬು ಹೊಲಿಸಿಕೊಂಡಿದ್ದರು. ಸೂಜಿ ಮುರಿದುಕೊಂಡು, ಬೈದುಕೊಂಡು ಅದನ್ನು ಹೊಲಿದುಕೊಟ್ಟವನು ನಾನೇ.

"ಇದು ಯಾರ ಜೇಬಮ್ಮ?" ಎಂದು ಆಗ ಕೇಳಿದ್ದೆ.

"ಇಳಿದು ಹೋದವ್ರದ್ದು," ಅಂದರು. "ನಾಳೆನೋ ನಾಡಿದ್ದೋ ಮತ್ತೆ ಇದೇ ಬಸ್ಸು ಹತ್ತುತ್ತಾರೆ. ಕೇಳಿದ್ರೆ ಕೊಡಬೇಕಲ್ಲ."

ಅದರಲ್ಲಿ ಹಾಕಿದ್ದನ್ನು ಅವರು ಹಸಿದಾಗಲೂ ಮುಟ್ಟಿದ್ದು ಕಾಣೆ. ಅಂಥ ಹೆಂಗಸು.

ಮನೆಯಲ್ಲಿ ಇದ್ದವರು ಇಬ್ಬರೇ, ಕಂಡಕ್ಟರಮ್ಮ ಮತ್ತು ಅವರ ಅಕ್ಕ. ಬೀದಿಗೆಲ್ಲ ಅವರು ಅಕ್ಕನೇ, ನನಗೂ ಅಕ್ಕ. ತಂದೆ ತಾಯಿ ಬೇಗ ಹೋದ ಮೇಲೆ ಅಕ್ಕ ಹತ್ತಿ ಗಿರಣಿಗೆ ಸೇರಿ, ನೂಲಿನ ಯಂತ್ರದ ಮುಂದೆ ನಿಂತು ತಂಗಿಯನ್ನು ಓದಿಸಿದರು. ಮದುವೆ ಮಾತು ಬಂದಾಗಲೆಲ್ಲ "ಮೊದಲು ಪುಟ್ಟಿದು ಆಗಲಿ" ಅಂದರು. ಪುಟ್ಟಿ ಅಂದರೆ ನಮ್ಮ ಕಂಡಕ್ಟರಮ್ಮ. ತಲೆ ನರೆತ ಮೇಲೂ ಆ ಮನೆಯಲ್ಲಿ ಅವರು ಪುಟ್ಟಿಯೇ. ಕೊನೆಗೆ ಪುಟ್ಟಿಯದೂ ಆಗಲಿಲ್ಲ, ಅಕ್ಕನದೂ ಆಗಲಿಲ್ಲ. ಗಿರಣಿ ಮುಚ್ಚಿತು. ಆದರೆ ಅಷ್ಟು ವರ್ಷ ಉಸಿರಿನ ಜೊತೆ ಒಳಗೆ ಹೋದ ಹತ್ತಿಯ ಧೂಳು ಹೊರಗೆ ಬರಲಿಲ್ಲ. ಅಕ್ಕನ ಶ್ವಾಸಕೋಶ ಗಟ್ಟಿಯಾಗುತ್ತ ಬಂತು. ಕೊನೆಗೆ ಡಾಕ್ಟರು ಗಾಳಿಯಿಂದ ಆಕ್ಸಿಜನ್ ಹಿಂಡಿ ಕೊಡುವ ಮಷೀನು ತರಿಸಿ, ಹಗಲೂ ರಾತ್ರಿ ಹಾಕಿರಲೇಬೇಕು ಎಂದರು. ಇಲ್ಲವಾದರೆ ಆಸ್ಪತ್ರೆಯ ವಾರ್ಡಿಗೆ ಸೇರಿಸಿ, ಅಲ್ಲೇ ಇರಲಿ ಎಂದರು.

"ವಾರ್ಡಿಗೆ ಬೇಡ ಪುಟ್ಟಿ," ಅಂದರು ಅಕ್ಕ. ಅವರು ತಂಗಿಯನ್ನು ಬೇಡಿದ್ದು ಅದೊಂದನ್ನೇ.

ಆ ಮಷೀನು ನಡುಮನೆಯ ಮೂಲೆಯಲ್ಲಿ ಕೂತು ಗೊರಗೊರ ಅನ್ನುತ್ತಿತ್ತು. ಅದಕ್ಕೆ ಕರೆಂಟಿನ ಹಸಿವು ವಿಪರೀತ. ಮೊದಲ ಬಿಲ್ಲು ಬಂದಾಗ ಕಂಡಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಖೋಟಾ ನೋಟನ್ನು ನೋಡುವ ಹಾಗೆ ನೋಡಿದರು. ಅದೇ ಹೊತ್ತಿಗೆ ಕರೆಂಟ್ ಕಂಪನಿಯವರು ಮನೆ ಮನೆಗೆ ಬಂದರು. ಛಾವಣಿಗೆ ಸೋಲಾರ್ ಹಾಕಿಸಿ, ನೀವು ಹಗಲು ನಮಗೆ ಕೊಟ್ಟಷ್ಟು ಯೂನಿಟ್ಟು ರಾತ್ರಿ ನಾವು ನಿಮಗೆ ಕೊಡುತ್ತೇವೆ, ಕೊಟ್ಟಷ್ಟು ವಾಪಸು, ಅಂದರು. ಕೆಲಸ ಬಿಟ್ಟಾಗ ಬಂದಿದ್ದ ಇಡಿಗಂಟನ್ನು ಕಂಡಕ್ಟರಮ್ಮ ಛಾವಣಿಯ ಮೇಲೆ ಹಾಸಿಬಿಟ್ಟರು. ದಿನಾ ಬೆಳಗ್ಗೆ ಏಣಿ ಹತ್ತಿ, ಹಳೆಯ ಸೀರೆಯ ತುಂಡಿನಿಂದ ಪ್ಯಾನೆಲ್ಲುಗಳನ್ನು ಒರೆಸುತ್ತಿದ್ದರು. ಕಾಗೆ ಕೂತರೆ "ಟಿಕೆಟ್ ತಗೋ" ಎಂದು ಓಡಿಸುತ್ತಿದ್ದರು. ಒಂದಷ್ಟು ಕಾಲ ಬಿಲ್ಲು ಸೊನ್ನೆ ಬಂತು. ಅಕ್ಕ ಕಿಟಕಿಯಲ್ಲಿ ಕೂತು ನನ್ನ ಅಂಗಿಗಳಿಗೆ ಕಾಜಾ ಹೊಲಿದುಕೊಡುತ್ತ, "ಸೂರ್ಯ ನನಗೆ ಉಸಿರು ಕೊಡ್ತಿದಾನೆ ಟೇಲರಪ್ಪ" ಅನ್ನುತ್ತಿದ್ದರು. ಗಿರಣಿಯ ಬೆರಳುಗಳು, ಕಾಜಾ ಅಷ್ಟು ಚೊಕ್ಕ. ಅದನ್ನು ನೋಡಿ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಊರೆಲ್ಲ ಸೋಲಾರ್ ಹಾಕಿಸಿ ಮುಗಿದ ಮೇಲೆ ಕಂಪನಿಯವರ ಮಾತು ತಿರುಗಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಇನ್ನು ಮೇಲೆ ಕೊಟ್ಟಷ್ಟು ವಾಪಸು ಇಲ್ಲ, ನಿಮ್ಮ ಹಗಲಿನ ಕರೆಂಟಿಗೆ ಒಂದು ದರ, ನಮ್ಮ ರಾತ್ರಿಯ ಕರೆಂಟಿಗೆ ಇನ್ನೊಂದು ದರ, ಅಂದರು. ಅವರು ಕೊಳ್ಳುವುದು ಒಂದಕ್ಕೆ, ಮಾರುವುದು ಮೂರಕ್ಕೆ. ಇದರಲ್ಲಿ ಇನ್ನೊಂದು ಚೋದ್ಯವಿದೆ. ಛಾವಣಿಯಿಂದ ಹೊರಟ ಕರೆಂಟು ದೂರ ಹೋಗುವುದಿಲ್ಲ, ಮೊದಲು ಸಿಕ್ಕ ಮನೆಗೆ ನುಗ್ಗುತ್ತದೆ ಎಂದು ಪ್ಯಾನೆಲ್ ಕೂರಿಸಿದವನು ಹೇಳಿದ್ದ. ಅಂದರೆ ಅದು ಬರುತ್ತಿದ್ದದ್ದು ನನ್ನ ಅಂಗಡಿಗೆ. ಗೋಡೆಯ ಆ ಕಡೆ ಒಂದಕ್ಕೆ ಕೊಂಡದ್ದನ್ನು ಗೋಡೆಯ ಈ ಕಡೆ ನನಗೆ ಮೂರಕ್ಕೆ ಮಾರುತ್ತಿದ್ದರು. ನಡುವೆ ಅವರು ಹೊತ್ತದ್ದೇನು? ಒಂದು ಗೇಣು ತಂತಿ. ನಾನು ಗಿರಾಕಿಯ ಬಟ್ಟೆಗೆ ಗುಂಡಿಯೊಂದನ್ನು ಹಾಕಿ ಹೊಸ ಅಂಗಿಯ ದುಡ್ಡು ಕೇಳಿದರೆ ನನ್ನ ಅಂಗಡಿಗೆ ಕಲ್ಲು ಬೀಳುತ್ತದೆ.

ಕಂಡಕ್ಟರಮ್ಮ ನನ್ನನ್ನೂ ಎಳೆದುಕೊಂಡು ಕಂಪನಿಯ ಕಚೇರಿಗೆ ಹೋದರು. ತಣ್ಣಗಿನ ಕೋಣೆ, ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ, ಗೋಡೆಯ ತುಂಬ ನಗುತ್ತಿರುವ ಕುಟುಂಬಗಳ ಚಿತ್ರ. ಕೌಂಟರಿನ ಹುಡುಗಿ ಒಳ್ಳೆಯವಳೇ, ದಿನವಿಡೀ ಬೈಸಿಕೊಂಡು ಸುಸ್ತಾಗಿದ್ದಳು.

"ಅಮ್ಮಾ, ಎಷ್ಟು ವ್ಯತ್ಯಾಸ ಬರುತ್ತೆ ಹೇಳಿ? ನಿಮ್ಮೊಬ್ಬರ ಮನೆದು ಚಿಲ್ಲರೆ ವಿಷಯ ಇದು," ಅಂದಳು.

"ಚಿಲ್ಲರೆ ವಿಷಯಾನೇ ಕಣಮ್ಮ," ಅಂದರು ಕಂಡಕ್ಟರಮ್ಮ. "ನಾನು ಜೀವನಪೂರ್ತಿ ಚಿಲ್ಲರೆ ಕೊಟ್ಟವಳು. ಈಗ ನನ್ನ ಚಿಲ್ಲರೆ ಕೊಡಿ ಅಂತ ಕೇಳ್ತಿದೀನಿ, ಅಷ್ಟೇ."

ಹುಡುಗಿಗೆ ನಗು ಬಂತು. "ನನ್ನ ಕೈಲಿ ಏನಿದೆ ಹೇಳಿ? ದರ ಇಡೋರು ಬೇರೆ. ಅವರ ಮುಂದೆ ವಿಚಾರಣೆ ಇದೆ, ಅಲ್ಲಿ ಬಂದು ಹೇಳಿ."

ವಿಚಾರಣೆಗೂ ಹೋದೆವು. ದೊಡ್ಡ ಸಭಾಂಗಣ, ಎತ್ತರದ ವೇದಿಕೆ, ಕೈಕೊಟ್ಟ ಮೈಕು. ಮೈಕು ಕೆಟ್ಟರೆ ಕಂಡಕ್ಟರಮ್ಮನಿಗೇನು? ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂತರು. ವೇದಿಕೆಯ ಮೇಲಿದ್ದವರು ತಲೆಯಾಡಿಸಿ, ನಿಮ್ಮ ಅಹವಾಲು ಗಮನಕ್ಕೆ ಬಂದಿದೆ ಎಂದರು. ಗಮನಕ್ಕೆ ಬಂದದ್ದು ಕೈಗೆ ಬರಲು ಎಷ್ಟು ಕಾಲ ಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಬಿಲ್ಲು ಏರುತ್ತಲೇ ಇತ್ತು. ಪಿಂಚಣಿ ಅನ್ನುವುದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕಂಡಕ್ಟರಮ್ಮ ದೊಡ್ಡ ಆಸ್ಪತ್ರೆಯ ಗೇಟಿನಲ್ಲಿ ಗಾಡಿ ನಿಲ್ಲಿಸುವವರಿಗೆ ಟಿಕೆಟ್ ಹರಿದು ಕೊಡುವ ಕೆಲಸಕ್ಕೆ ಸೇರಿಕೊಂಡರು. ರಾತ್ರಿ ಪಾಳಿಗೆ ಕೂಲಿ ಹೆಚ್ಚು ಎಂದು ಅದನ್ನೇ ಕೇಳಿ ಪಡೆದರು. ಹೊತ್ತು ಮುಳುಗುವಾಗ ಹೋದರೆ ಬರುತ್ತಿದ್ದದ್ದು ಬಿಸಿಲು ಬಿದ್ದ ಮೇಲೆ. ಅವರು ಹೊರಡುವ ಹೊತ್ತೂ ನಾನು ಅಂಗಡಿ ಮುಚ್ಚುವ ಹೊತ್ತೂ ಒಂದೇ. ಬೀಗ ಹಾಕುತ್ತ ನೋಡಿದರೆ ಅವರು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು.

"ಹಗಲಿಂದು ನಮ್ಮದು, ಅದನ್ನ ಪುಗಸಟ್ಟೆ ಎತ್ಕೊಂಡು ಹೋಗ್ತಾರೆ. ರಾತ್ರಿದು ಅವರದ್ದು, ಮೂರು ಪಟ್ಟು ಕೀಳ್ತಾರೆ. ರಾತ್ರಿ ಕರೆಂಟು ಅಂದ್ರೆ ವಿಷ ಅಕ್ಕಾ, ವಿಷ!"

"ಹೋಗಿ ಬಾ ಪುಟ್ಟಿ, ಬಸ್ಸು ತಪ್ಪುತ್ತೆ," ಎಂದು ಒಳಗಿನಿಂದ ಅಕ್ಕ ಅನ್ನುತ್ತಿದ್ದರು.

ಕೋಪ ಬಂದಾಗ ಆಡುವ ಮಾತು ಅದು. ಕಂಪನಿಗೆ ಕೇಳಲಿ ಎಂದು ಆಡಿದ್ದು. ಕಂಪನಿಗೆ ಕೇಳಲಿಲ್ಲ, ಕೇಳಿದ್ದು ಅಕ್ಕನಿಗೆ.

ಎರಡು ಬಿಲ್ಲು ಕಳೆದ ಮೇಲೆ ಕಂಡಕ್ಟರಮ್ಮ ಒಂದು ಮಧ್ಯಾಹ್ನ ಮಿಠಾಯಿ ಪೊಟ್ಟಣ ಹಿಡಿದು ನನ್ನ ಅಂಗಡಿಗೆ ನುಗ್ಗಿದರು. ಅವರ ಮುಖದಲ್ಲಿ ಅಷ್ಟು ಬೆಳಕು ಕಂಡು ಬಹಳ ದಿನಗಳಾಗಿದ್ದವು.

"ಬಾಯಿ ತೆಗೀರಿ ಟೇಲರ್! ಬಿಲ್ಲು ಅರ್ಧಕ್ಕರ್ಧ ಇಳೀತು. ಕೂಸು ಅತ್ತರೆ ತಾನೇ ಹಾಲು? ಅವತ್ತು ಆ ಸಭೆಲಿ ನಾನು ಕೂಗಿದ್ದಕ್ಕೆ ಅವರಿಗೆ ಬುದ್ಧಿ ಬಂತು. ಬಾಯಿಬಿಟ್ಟು ಹೇಳೋಕೆ ನಾಚಿಕೆ, ಸದ್ದಿಲ್ಲದೆ ಸರಿ ಮಾಡಿದಾರೆ."

ನನ್ನ ಬಿಲ್ಲು ಇಳಿದಿರಲಿಲ್ಲ, ಒಂದು ಕಾಸೂ ಇಳಿದಿರಲಿಲ್ಲ. ಆದರೆ ನಾನು ಸೋಲಾರ್ ಹಾಕಿಸಿದವನಲ್ಲವಲ್ಲ, ಅವರ ಲೆಕ್ಕ ಬೇರೆ ಇರಬೇಕು ಎಂದುಕೊಂಡು ಮಿಠಾಯಿ ತಿಂದೆ. ಕಿಟಕಿಯಾಚೆ ಅಕ್ಕನೂ ತಿಂದರು. ತಂಗಿ ಬಾಯಿಗಿಟ್ಟದ್ದನ್ನು ನಿಧಾನಕ್ಕೆ ಅಗಿಯುತ್ತ, ಮೂಗಿನ ನಳಿಗೆಯ ಕೆಳಗೆ ನಗುತ್ತಿದ್ದರು. ಆ ನಗುವನ್ನು ನಾನು ಸಂತೋಷ ಎಂದೇ ತಿಳಿದೆ. ಸಂತೋಷವೇ ಆಗಿತ್ತು, ಅದೇ ಸಂಕಟದ ವಿಷಯ.

ಆಮೇಲಾಮೇಲೆ ಅಕ್ಕನ ಕಾಜಾಗಳು ಸೊಟ್ಟಗಾದವು. ಒಂದು ಅಂಗಿಗೆ ಗುಂಡಿಯೂ ಕಾಜಾವೂ ಎದುರುಬದುರು ಕೂರಲೇ ಇಲ್ಲ. ನಾನು ರೇಗಿದೆ. "ಕಣ್ಣು ಮಂಜು ಕಣಪ್ಪ, ಬಿಚ್ಚಿ ಕೊಡು, ಮತ್ತೆ ಹೊಲೀತೀನಿ" ಅಂದರು. ತುಟಿ ನೀಲಿಗಟ್ಟಿತ್ತು. ಚಳಿಗೆ ಅಂದರು. ಕಂಡಕ್ಟರಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ಮಷೀನು ಸರಿಯಾಗಿ ಹಾಕಿಕೊಳ್ಳುತ್ತಿದ್ದೀರಾ ಎಂದು ಕೇಳಿದರಂತೆ. "ನಾನು ಹೋಗೋವಾಗ್ಲೂ ಓಡ್ತಿರುತ್ತೆ, ಬರೋವಾಗ್ಲೂ ಓಡ್ತಿರುತ್ತೆ ಸಾರ್" ಎಂದು ಕಂಡಕ್ಟರಮ್ಮ ಉತ್ತರ ಕೊಟ್ಟರಂತೆ. ಅದು ಸುಳ್ಳೇನಲ್ಲ. ಔಷಧಿ ಬದಲಾಯಿತು, ಅಷ್ಟೇ.

ಶಾಲೆ ಶುರುವಾಗುವ ಕಾಲಕ್ಕೆ ನನಗೆ ಸಮವಸ್ತ್ರದ ಕೆಲಸ ಕುತ್ತಿಗೆಗೆ ಬರುತ್ತದೆ. ಆಗ ಬೆಳಕು ಹರಿಯುವ ಮೊದಲೇ ಬಂದು ಅಂಗಡಿ ತೆಗೆಯುತ್ತೇನೆ. ಅಂಥ ಒಂದು ದಿನ ಬಂದು ದೀಪ ಹಾಕಿ, ಮೇಜಿನ ಮೇಲೆ ಬಟ್ಟೆ ಹರಡಿದೆ. ಏನೋ ಕೊರತೆ ಅನ್ನಿಸಿತು. ಗೊರಗೊರ ಇರಲಿಲ್ಲ. ಕರೆಂಟ್ ಹೋಗಿದೆಯೇನೋ ಎಂದರೆ ನನ್ನ ತಲೆಯ ಮೇಲೆ ದೀಪ ಉರಿಯುತ್ತಿದೆ. ಕಿಟಕಿಯಲ್ಲಿ ಇಣುಕಿದೆ. ಅಕ್ಕ ಹಾಸಿಗೆಯಿಂದ ಜಾರಿ ಗೋಡೆಗೆ ಒರಗಿದ್ದರು. ಒಂದು ಕೈ ಸ್ವಿಚ್ಚಿನ ಕಡೆ ಚಾಚಿತ್ತು, ತಲುಪಿರಲಿಲ್ಲ. ಸ್ವಿಚ್ಚು ಆರಿತ್ತು. ತಂಗಿ ಬರುವ ಮೊದಲು ಹಾಕಲು ಎದ್ದವರು ಅಲ್ಲೇ ಕುಸಿದಿದ್ದರು.

ಎದುರು ಮನೆಯವರ ಕಾರಿನಲ್ಲಿ ಮಲಗಿಸಿಕೊಂಡು ಹೋದೆವು. ಹತ್ತಿರದಲ್ಲಿ ಇರುವುದು ಅದೊಂದೇ ಆಸ್ಪತ್ರೆ. ಗೇಟಿನಲ್ಲಿ ಕಾರು ನಿಂತಿತು. ಕಂಡಕ್ಟರಮ್ಮ ಪಾಳಿ ಮುಗಿಯುವ ಹೊತ್ತಿನ ನಿದ್ದೆಗಣ್ಣಿನಲ್ಲಿ, "ಚಿಲ್ಲರೆ ಕೊಡಿ, ಚಿಲ್ಲರೆ" ಎನ್ನುತ್ತ ಕಿಟಕಿಯೊಳಗೆ ಕೈಚಾಚಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ತೊಡೆಯ ಮೇಲಿದ್ದ ತಲೆಯನ್ನು ನೋಡಿದರು. ಅವರ ಕೈ ತನ್ನ ಪಾಡಿಗೆ ಟಿಕೆಟ್ ಹರಿದು ನನಗೆ ಕೊಟ್ಟಿತು.

ಅಕ್ಕನಿಗೆ ಎಚ್ಚರ ಬಂತು, ಒಂದಿಷ್ಟು ಹೊತ್ತು ಮಾತೂ ಬಂತು. ಬೇಡ ಬೇಡ ಎಂದಿದ್ದ ವಾರ್ಡಿನಲ್ಲೇ ಮಲಗಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಯಾಕಕ್ಕಾ ಆರಿಸಿದೆ?" ಎಂದು ಕೇಳಿದರು ಕಂಡಕ್ಟರಮ್ಮ.

"ಬೈಬೇಡ ಪುಟ್ಟಿ. ಹಗಲು ಪೂರ್ತಿ ಹಾಕ್ಕೋತಿದ್ದೆ. ಹಗಲಿಂದು ನಮ್ಮದಲ್ವಾ? ರಾತ್ರಿದು ಅವರದ್ದು, ಮೂರು ಪಟ್ಟು. ನೀನೇ ಹೇಳ್ತಿದ್ಯಲ್ಲ."

"ಕೋಪಕ್ಕೆ ಹೇಳಿದ್ದು ಕಣೇ. ಕೋಪಕ್ಕೆ..."

"ಬಿಲ್ಲು ಇಳೀತಲ್ಲ. ಎಷ್ಟು ಖುಷಿ ಪಟ್ಟೆ ನೀನು ಅವತ್ತು." ಅಕ್ಕ ಉಸಿರೆಳೆದುಕೊಂಡರು. "ಇನ್ನೊಂದು ಸ್ವಲ್ಪ ದಿನ ಹೀಗೇ ತಳ್ಳಿದ್ರೆ ನಿನ್ನ ರಾತ್ರಿ ಕೆಲಸ ಬಿಡಿಸಬಹುದು ಅಂದ್ಕೊಂಡಿದ್ದೆ. ಈ ವಯಸ್ಸಲ್ಲಿ ಗೇಟಲ್ಲಿ ನಿಂತ್ಕೋಬಾರದು ನೀನು."

ಒಬ್ಬಳು ಅಕ್ಕನ ಉಸಿರಿಗಾಗಿ ನಿದ್ದೆ ಬಿಟ್ಟಳು, ಇನ್ನೊಬ್ಬಳು ತಂಗಿಯ ನಿದ್ದೆಗಾಗಿ ಉಸಿರು ಬಿಟ್ಟಳು. ಒಬ್ಬರಿಗೊಬ್ಬರು ಹೇಳಲಿಲ್ಲ. ಇದಕ್ಕೆ ಯಾರನ್ನು ಬೈಯಬೇಕು? ನಾನು ಕಂಪನಿಯನ್ನು ಬೈಯುತ್ತೇನೆ, ಇವತ್ತಿಗೂ ಬೈಯುತ್ತೇನೆ. ಕಂಡಕ್ಟರಮ್ಮ ಬೈದುಕೊಂಡದ್ದು ತಮ್ಮ ನಾಲಿಗೆಯನ್ನು.

ಅದೇ ವಾರ ಅಕ್ಕ ಹೋದರು. ನಡುಮನೆಯ ಮೂಲೆ ಖಾಲಿಯಾಯಿತು. ಮಷೀನು ಬಾಡಿಗೆಯದು, ಅಂಗಡಿಯವನು ಬಂದು ಎತ್ತಿಕೊಂಡು ಹೋದ. ಗೋಡೆಯ ಆಚೆಯ ಮೌನಕ್ಕೆ ನನ್ನ ಕಿವಿ ಹೊಂದಲೇ ಇಲ್ಲ. ಕತ್ತರಿ ಹಿಡಿದಾಗಲೆಲ್ಲ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಕಂಡಕ್ಟರಮ್ಮ ಗೇಟಿನ ಕೆಲಸ ಬಿಟ್ಟರು. ಏಣಿ ಹತ್ತುವುದನ್ನೂ ಬಿಟ್ಟರು. ಕಾಗೆಗಳು ಪ್ಯಾನೆಲ್ಲಿನ ಮೇಲೆ ಪುಕ್ಕಟೆ ಪ್ರಯಾಣ ಮಾಡಿದವು. ಧೂಳು ಕೂತರೂ ಬಿಸಿಲು ಬಿಡಬೇಕಲ್ಲ, ಆ ಮನೆಯಲ್ಲಿ ಈಗ ಬಳಸುವವರಿಲ್ಲದೆ ಕರೆಂಟೆಲ್ಲ ಹೊರಗೆ ಹರಿಯಿತು. ಒಂದು ದಿನ ಅವರು ಸುಮ್ಮನೆ ಬಂದು ಫೋನನ್ನು ನನ್ನ ಮೇಜಿನ ಮೇಲೆ ಇಟ್ಟರು. ಕಂಪನಿಯ ಸಂದೇಶ ಬಂದಿತ್ತು: ನಿಮ್ಮ ಮನೆಯ ವಿದ್ಯುತ್ ಬಳಕೆ ಗಣನೀಯವಾಗಿ ತಗ್ಗಿದೆ, ಅಭಿನಂದನೆಗಳು.

ನನಗೆ ಕತ್ತರಿ ತೆಗೆದು ಆ ಫೋನಿಗೇ ಚುಚ್ಚಬೇಕು ಅನ್ನಿಸಿತು. ಅವರು ಫೋನು ತೆಗೆದುಕೊಂಡು ಹೋದರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ ಕೊನೆಗೊಂದು ದಿನ ಆ ವಿಚಾರಣೆಯ ತೀರ್ಮಾನ ಬಂತು. ಮನೆ ಛಾವಣಿಯ ಕರೆಂಟಿಗೆ ನ್ಯಾಯವಾದ ಬೆಲೆ ಕೊಡಬೇಕು, ಹೊಸ ದರ ಬಂದಂದಿನಿಂದ ಕಡಿಮೆ ಕೊಟ್ಟದ್ದನ್ನೂ ಸೇರಿಸಿ ಕೊಡಬೇಕು ಎಂದು ಕಂಪನಿಗೆ ಆಜ್ಞೆಯಾಯಿತು. ಬೀದಿಯಲ್ಲಿ ಸೋಲಾರ್ ಹಾಕಿಸಿದವರೆಲ್ಲ ಕಂಡಕ್ಟರಮ್ಮನ ಮನೆ ಬಾಗಿಲಿಗೆ ಬಂದರು. ಅವತ್ತು ನೀವು ಕೂಗಿದ್ದಕ್ಕೇ ಆದದ್ದು ಎಂದರು. ಅವರು ಬಾಗಿಲು ಪೂರ್ತಿ ತೆಗೆಯದೆ, "ಆಯ್ತು, ಒಳ್ಳೇದಾಯ್ತು, ಹೋಗಿ ಬನ್ನಿ" ಎಂದು ಕಳಿಸಿದರು.

ದುಡ್ಡು ಬ್ಯಾಂಕಿಗೆ ಬಂತು. ಅದನ್ನು ಬಿಡಿಸಿಕೊಂಡು ನೇರ ನನ್ನ ಅಂಗಡಿಗೆ ಬಂದರು. ಹೆಗಲಲ್ಲಿ ಆ ಹಳೆಯ ತೊಗಲಿನ ಚೀಲ. ಅದನ್ನು ನೋಡಿ ಎಷ್ಟೋ ವರ್ಷವಾಗಿತ್ತು.

"ಈ ಪಕ್ಕದ ಜೇಬು ಬಾಯಿ ಬಿಟ್ಟಿದೆ ಟೇಲರ್. ಒಂದೆರಡು ಹೊಲಿಗೆ ಹಾಕಿಕೊಡಿ."

ಒಳಗೆ ಬೆರಳು ಹಾಕಿದೆ. ಕಿಲುಬು ಹಿಡಿದ ನಾಣ್ಯಗಳು ತಳದಲ್ಲಿ ಇನ್ನೂ ಇದ್ದವು, ಕೇಳಲು ಬಾರದವರವು. ಹೊಲಿದುಕೊಟ್ಟೆ. ಅವರು ಕೈಯಲ್ಲಿ ಹಿಡಿದಿದ್ದ ನೋಟುಗಳನ್ನು ಸಣ್ಣಗೆ ಮಡಚಿ, ಮೇಲೆ ಬಂದ ಬಿಡಿ ನಾಣ್ಯಗಳನ್ನೂ ಸೇರಿಸಿ ಆ ಜೇಬಿಗೇ ತುರುಕಿದರು. ಒಂದನ್ನೂ ಬೇರೆ ಇಡಲಿಲ್ಲ.

"ಅದು ನಿಮ್ಮ ದುಡ್ಡಮ್ಮ," ಅಂದೆ. "ಜಗಳ ಆಡಿ ಗೆದ್ದದ್ದು. ಅದರಲ್ಲಿ ಯಾಕೆ ಹಾಕ್ತೀರಿ?"

"ನಂದಲ್ಲ." ಜೇಬಿನ ಗುಂಡಿ ಹಾಕಿದರು. ಜೇಬು ಹೊಲಿದವನು ನಾನಾದರೂ ಆ ಗುಂಡಿಗೆ ಅವತ್ತು ಕಾಜಾ ಹೊಲಿದದ್ದು ಅಕ್ಕ, ಚೊಕ್ಕವಾಗಿ ಕೂತಿತು. "ಕೊಡೋಕೆ ತಡ ಮಾಡಿಬಿಟ್ರು. ಅವಳು ಇಳಿದು ಹೋದ್ಲು."

ಚೀಲವನ್ನು ಹೆಗಲಿಗೆ ಹಾಕಿಕೊಂಡು ಅವರು ಮನೆಗೆ ಹೋದರು. ಹೊಲಿಗೆಗೆ ಎಷ್ಟಾಯಿತು ಎಂದು ಕೇಳಲಿಲ್ಲ. ಅವರು ಕೇಳದೇ ಹೋದದ್ದು ಅದೊಂದೇ ಸಲ. ಹೊರಗೆ ಉರಿಬಿಸಿಲಿತ್ತು, ಗೋಡೆಯಾಚೆಯ ಕರೆಂಟೆಲ್ಲ ನನ್ನ ಅಂಗಡಿಗೇ ಬರುತ್ತಿದ್ದಿರಬೇಕು. ನಾನು ಹೊಲಿಗೆ ಮಷೀನಿನ ಮೋಟಾರು ಆರಿಸಿ, ಆ ದಿನವೆಲ್ಲ ಕಾಲಿನಲ್ಲೇ ತುಳಿದು ಹೊಲಿದೆ.